ಎಲ್ಲರಿಗೂ ಸುಣ್ಣ

ಚಾಮುಂಡಮ್ಮನದು ಎಣ್ಣೆ ಅಳೆದು ಪಳಗಿದ ಕೈ. ಹೆಡತಲೆ ಕಡೆಯ ತನ್ನೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹದಿನೆಂಟು ವರ್ಷ ಸೀಮೆಎಣ್ಣೆ ಅಳೆದವಳು. ಕ್ಯಾನನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಕುಲುಕಿದರೆ ಸಾಕು, ಒಳಗಿರುವುದು ಅರ್ಧ ಲೀಟರೋ ಮುಕ್ಕಾಲೋ ಹೇಳಿಬಿಡುತ್ತಿದ್ದಳು. ಸೀಮೆಎಣ್ಣೆ ಬರುವುದು ನಿಂತಾಗ, ಇನ್ನೇನು ಮಾಡುತ್ತೀಯೆ ಎಂದು ಊರು ಕೇಳುವ ಮೊದಲೇ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಪೆಟ್ರೋಲ್ ಬಂಕಿಗೆ ಸೇರಿ, ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ನಿಂತಳು. ಐವತ್ತೆರಡರ ಹೆಂಗಸು ಪೈಪು ಹಿಡಿಯುವುದನ್ನು ಕಂಡು ನಗುವವರು ನಾಲ್ಕು ದಿನ ನಕ್ಕರು. ಐದನೆಯ ದಿನ ಅವಳ ಮುಂದೆಯೇ ಸಾಲು ನಿಂತರು.

ಆದರೆ ಆ ಹದಿನೆಂಟು ವರ್ಷದಲ್ಲಿ ಒಂದು ದಿನ ಮಾತ್ರ ಮುಳ್ಳಿನಂತೆ ಅವಳ ಎದೆಯಲ್ಲಿ ಉಳಿದಿದೆ. ಅವತ್ತು ಮುಂದೆ ನಿಂತವರು ಕಾಡಿಬೇಡಿ ಹೆಚ್ಚು ಹಾಕಿಸಿಕೊಂಡರು. ಇವಳೂ ಮುಖದಾಕ್ಷಿಣ್ಯಕ್ಕೆ ಹಾಕಿದಳು. ಅರ್ಧ ಸಾಲಿಗೇ ಪೀಪಾಯಿ ಬರಿದು. ಬೆಳಗಿನ ಜಾವದಿಂದ ಕೊನೆಯಲ್ಲಿ ನಿಂತಿದ್ದ ಮುದುಕ ತಿಮ್ಮಯ್ಯ ಬೈಯಲಿಲ್ಲ, ಕೂಗಾಡಲಿಲ್ಲ. "ನಮ್ ಸರದಿ ಬರಾದ್ರೊಳ್ಗೆ ಯಾವಾಗ್ಲೂ ಇಂಗೇಯ ಕಣವ್ವ" ಎಂದು ಖಾಲಿ ಕ್ಯಾನು ಹಿಡಿದು ಹೊರಟುಹೋದ. ಬೈದಿದ್ದರೆ ಅವಳು ಮರೆತಿರುತ್ತಿದ್ದಳು.

ಹೀಗಿರುವಾಗ ಈ ಬೇಸಿಗೆಯಲ್ಲಿ ಒಂದು ಸೋಮವಾರ, ಬರಬೇಕಾದ ಟ್ಯಾಂಕರ್ ಬರಲಿಲ್ಲ. ಒಂದೇ ದಿನ ತಡ. ಅಷ್ಟಕ್ಕೇ ಯಾವನೋ ಪುಣ್ಯಾತ್ಮ ಮೊಬೈಲಿನಲ್ಲಿ ಮಾತಾಡಿ ಕಳಿಸಿದ: "ಇನ್ ಮೂರ್ ತಿಂಗ್ಳು ಪೆಟ್ರೋಲ್ ಇಲ್ಲ ಕಣ್ರಪ್ಪೋ." ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮಂಗಳವಾರ ಬೆಳಗಾಗುವಷ್ಟರಲ್ಲಿ ಬಂಕಿನ ಮುಂದೆ ಜನವೋ ಜನ. ಕ್ಯಾನು ತಂದವರು, ನೀರಿನ ಬಾಟಲಿ ತಂದವರು, ಒಬ್ಬ ಮಹಾನುಭಾವನಂತೂ ಹಿತ್ತಾಳೆ ಬಿಂದಿಗೆಯನ್ನೇ ಹೊತ್ತು ತಂದಿದ್ದ. ಗಾಡಿ ಇಲ್ಲದವರೂ ಇದ್ದರು. ಎಲ್ಲರೂ ನಿಂತಿದ್ದಾರೆ, ನಾವೂ ನಿಂತಿರೋಣ ಎಂದು ಬಂದವರು.

ಬಂಕಿನ ಮ್ಯಾನೇಜರ್ ಪ್ರಸಾದ್ ಇನ್ನೂ ಮೂವತ್ತು ದಾಟದ ಹುಡುಗ. ಅಳತೆಕೋಲನ್ನು ನೆಲದಡಿಯ ತೊಟ್ಟಿಗಿಳಿಸಿ ನೋಡಿ ಮುಖ ಸಪ್ಪಗೆ ಮಾಡಿಕೊಂಡ.

"ಪಂಪ್ ಎಳಿಯೋದು ಹೆಚ್ಚಂದ್ರೆ ಇನ್ನೂರಿಪ್ಪತ್ತು ಲೀಟರ್ ಅಮ್ಮ. ಹಗ್ಗ ಕಟ್ಟಿ 'ಸ್ಟಾಕ್ ಇಲ್ಲ' ಅಂತ ಬೋರ್ಡ್ ಹಾಕಿಬಿಡೋಣ."

"ಅಗ್ಗ ಕಟ್ಟುದ್ರೆ ಅಗ್ಗ ಕಿತ್ತಾಕ್ತರೆ ಸಾ. ಇರೋದ್ನ ಅಂಚ್ಬುಡವ."

ಅವಳು ಸಾಲಿನುದ್ದಕ್ಕೂ ನಡೆದು, ಒಂದೊಂದು ಗಾಡಿಯನ್ನೂ ಮುಟ್ಟಿ ಎಣಿಸಿದಳು. ಸೀಟು ಹಿಡಿದು ಅಲ್ಲಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟಳು. ತುಂಬಿದ ಟ್ಯಾಂಕು ಕುಲುಕಿದರೆ ಸದ್ದು ಬರುವುದಿಲ್ಲ. ಅಂಥ ಹದಿನೇಳು ಜನರನ್ನು "ವಟ್ಟೆ ತುಂಬುದ್ ಮ್ಯಾಲೂ ಪಂಕ್ತೀಲಿ ಕುಂತಿದ್ದಯ್ಯಾ, ಏಳು" ಎಂದು ಮನೆಗೆ ಕಳಿಸಿದಳು. ಉಳಿದದ್ದು ಇನ್ನೂರ ಹದಿನಾಲ್ಕು ಗಾಡಿ. ಕೊನೆಯ ಗಾಡಿ ತಾಂಡ್ಯದ ಕಾರ್ಖಾನೆಗೆ ಹೋಗುವ ಭಾನುಪ್ರಿಯಾಳ ಸ್ಕೂಟರು. ರಾತ್ರಿ ಪಾಳಿಗೆ ಹೋಗಬೇಕಾದವಳು, ಗಾಡಿಯಲ್ಲಿ ಎಣ್ಣೆ ಮುಗಿದು ಬೆಳಗ್ಗೆಯೇ ತಳ್ಳಿಕೊಂಡು ಬಂದಿದ್ದಳು. ಚಾಮುಂಡಮ್ಮ ತನ್ನ ಟಿವಿಎಸ್ ಮೊಪೆಡ್ಡನ್ನೂ ತಳ್ಳಿಕೊಂಡು ಬಂದು ಆ ಸ್ಕೂಟರಿನ ಹಿಂದೆ ನಿಲ್ಲಿಸಿದಳು. ಅದರ ಟ್ಯಾಂಕೂ ಒಣಗಿತ್ತು.

"ಇದೇ ಬಾಲ. ಇದ್ರಿಂದ್ಗಡೆ ಬಂದೋರ್ಗೆಲ್ಲ ನಾಳೀಕೆ. ಎಲ್ರಿಗೂ ಒಂದೊಂದ್ ಲೀಟ್ರು. ಗಾಡಿಗ್ ಮಾತ್ರ, ಬಿಂದ್ಗೆಗಿಲ್ಲ."

"ಒಂದು ಗಲಾಟೆ ಆದ್ರೂ ಸ್ವಿಚ್ ಆರಿಸಿಬಿಡ್ತೀನಿ," ಎಂದ ಪ್ರಸಾದ್. "ಆಮೇಲೆ ಯಾರಿಗೂ ಇಲ್ಲ."

ಅವನು ಹೆದರಿಸಲು ಹೇಳಿದ್ದಲ್ಲ, ನಿಜವಾಗಿಯೂ ಹೆದರಿದ್ದ. ಚಾಮುಂಡಮ್ಮನಿಗೆ ಅದು ಗೊತ್ತಾಯಿತು. ಸ್ವಿಚ್ಚು ಆರಿದರೆ ಆ ಹುಡುಗಿ ಸ್ಕೂಟರನ್ನು ಹಾಗೇ ತಳ್ಳಿಕೊಂಡು ಹೋಗುತ್ತಾಳೆ, ತಿಮ್ಮಯ್ಯ ಹೋದ ಹಾಗೆ. ಇವತ್ತು ಕೊನೆಯವರ ತನಕ ಎಣ್ಣೆ ಮುಟ್ಟಲೇಬೇಕು ಎಂದು ಅವಳು ಹಲ್ಲು ಕಚ್ಚಿದಳು.

ಹಾಕಿಸಿಕೊಂಡವರೇ ಮತ್ತೆ ನುಸುಳಿದರೆ? ಅದಕ್ಕೂ ಅವಳ ಸೊಂಟದಲ್ಲೇ ಉಪಾಯವಿತ್ತು. ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು. ಒಂದು ಲೀಟರ್ ಬಿದ್ದ ಕೂಡಲೇ ಗಾಡಿಯ ಹೆಡ್‌ಲೈಟಿನ ಮೇಲೆ ಒಂದು ಬೊಟ್ಟು ಸುಣ್ಣ.

ಸಾಲಿನಿಂದ ಒಬ್ಬ ಕೂಗಿದ: "ಇವ್ಳ್ ನೆಂಟ್ರು ಬಂದಾಗ ನೋಡ್ರುಲಾ! ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ!"

"ಬೆಣ್ಣೆ ನಮ್ ಬಂಕ್ನಲ್ಲಿಲ್ಲ ಕಣಪ್ಪ," ಅಂದಳು ಚಾಮುಂಡಮ್ಮ. "ಎಲ್ರಿಗೂ ಸುಣ್ಣವೇಯ."

ಸಾಲಿಗೆ ಸಾಲೇ ನಕ್ಕಿತು. ನಕ್ಕ ಜನ ಅಷ್ಟು ಬೇಗ ಜಗಳಕ್ಕಿಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೂರು ಬೊಟ್ಟು ದಾಟಿತು. ಕಾರಿನವರಿಗೂ ಒಂದೇ ಲೀಟರ್, ಒಂದೇ ಬೊಟ್ಟು. ಅವಳ ಕಾಲು ಜೋಮು ಹಿಡಿದಿತ್ತು, ಊಟಕ್ಕೆ ತಂದ ಮುದ್ದೆ ಡಬ್ಬಿಯಲ್ಲೇ ಗಟ್ಟಿಯಾಗಿತ್ತು.

ಮೂರು ಗಂಟೆಯ ಸುಮಾರಿಗೆ ಪೈಪಿನ ಮುಂದೆ ಬಂದು ನಿಂತವನು ಅವಳ ಅಣ್ಣ ಚಿಕ್ಕಸ್ವಾಮಿ.

ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಆಳು. ಚಾಮುಂಡಮ್ಮನ ಗಂಡ ತೀರಿಕೊಂಡ ವರ್ಷ, ಯಾರೂ ಕೇಳದೆಯೇ, ತನ್ನ ಹಿತ್ತಲಲ್ಲಿ ಅವಳಿಗೆ ಎರಡು ಅಂಕಣದ ಮನೆ ಎತ್ತಿಕೊಟ್ಟವನು. ಅವಳು ಇವತ್ತಿಗೂ ಇರುವುದು ಅದರಲ್ಲೇ. ಬೆಳಗ್ಗೆ ಸಾಲಿನಲ್ಲಿ ಆರನೆಯವನಾಗಿ ನಿಂತು ಒಂದು ಲೀಟರ್ ಹಾಕಿಸಿಕೊಂಡು ಹೋಗಿದ್ದ. ಈಗ ಪರಿಚಯದವರ ನಡುವೆ ಬೈಕ್ ತೂರಿಸಿಕೊಂಡು ಮತ್ತೆ ಬಂದಿದ್ದಾನೆ.

"ಆಕು ಚಾಮಿ."

ಅವಳು ಹೆಡ್‌ಲೈಟು ನೋಡಿದಳು. ಗಾಜೆಲ್ಲ ಧೂಳು, ನಡುವೆ ಬೊಟ್ಟಿನಗಲ ಜಾಗ ಮಾತ್ರ ಪಳಪಳ.

"ಬೆಳಗ್ಗೇನೆ ಆಕುಸ್ಕೊಂಡ್ಯಲ್ಲಣ್ಣಯ್ಯ?"

"ಎಲ್ಲದೆ ಸುಣ್ಣ? ತೋರ್ಸು."

"ನಿನ್ ಟವಲ್ ತುದೀಲದೆ."

ಅವನು ಹೆಗಲ ಟವಲಿನ ತುದಿಯನ್ನು ಮುದುರಿಕೊಂಡ. ಬೆಣ್ಣೆಯ ಮಾತಾಡಿದವನು ಕತ್ತು ಚಾಚಿ, "ಈಗ್ ಬತ್ತದೆ ನೋಡ್ರುಲಾ ಬೆಣ್ಣೆ!" ಎಂದ. ಈ ಸಲ ಯಾರೂ ನಗಲಿಲ್ಲ. ಹಿಂದಿನವರು ಗಾಡಿ ಬಿಟ್ಟು ಮುಂದೆ ಬಂದರು. ಪ್ರಸಾದ್ ಎದ್ದು ಸ್ವಿಚ್ಚಿನ ಹತ್ತಿರ ಹೋಗಿ ನಿಂತ.

ಅಣ್ಣನ ಮುಖ ನೋಡಿದರೆ ಚಾಮುಂಡಮ್ಮನ ಕೈ ತಾನಾಗಿ ಪೈಪಿನತ್ತ ಹೋಗುತ್ತಿತ್ತು. ಅಂದು ಸೀಮೆಎಣ್ಣೆ ಮುಗಿಸಿದ್ದು ಇದೇ ದಾಕ್ಷಿಣ್ಯ. ಅವಳು ಪೈಪನ್ನು ಕೊಂಡಿಗೆ ಸಿಕ್ಕಿಸಿದಳು.

"ನೀನ್ ಕಟ್ಕೊಟ್ ಮನೇನ ನಾನ್ ಸಾಯೋಗಂಟ ಮರ್ಯಾಕಿಲ್ಲ ಅಣ್ಣಯ್ಯ. ಆ ಮನೆ ನೀನ್ ಕೊಟ್ಟುದ್ದು, ನಿಂತಾವ ಇತ್ತು ಕೊಟ್ಟೆ. ಈ ಎಣ್ಣೆ ನನ್ದಲ್ಲ. ಅಗೋ, ಅಲ್ ಕೊನೇಲಿ ನಿಂತವ್ಳಲ್ಲ, ಆ ಮಗೀದು."

"ಸಂಜೀಕೆ ಅದೇ ಮನೆಗ್ ಬರ್ಬೇಕು ನೀನು. ನೆಪ್ಪಿರ್ಲಿ."

"ಅದೆ, ಓಗು."

ಅವನು ಗಾಡಿ ತಿರುಗಿಸಿಕೊಂಡು ಹೋದ. ಮುಂದೆ ಬಂದವರು ತಮ್ಮ ತಮ್ಮ ಗಾಡಿಗೆ ಮರಳಿದರು. ಬೆಣ್ಣೆಯವನು ತನ್ನ ಸರದಿ ಬಂದಾಗ ಒಂದು ಲೀಟರ್ ಹಾಕಿಸಿಕೊಂಡು, ತಾನೇ ಗಾಡಿಯನ್ನು ಬೊಟ್ಟಿಗೆ ಒಡ್ಡಿದ. ಚಾಮುಂಡಮ್ಮ ಕಣ್ಣೊರೆಸಿಕೊಂಡಳು, ಸುಣ್ಣದ ಕೈ ತಾಗಿ ಕಣ್ಣು ಇನ್ನಷ್ಟು ಉರಿಯಿತು.

ಇಳಿಹೊತ್ತಿಗೆ ಭಾನುಪ್ರಿಯಾಳ ಸರದಿ ಬಂತು. ಅರ್ಧ ಲೀಟರ್ ದಾಟುತ್ತಲೇ ಪಂಪು ಗೊರಗೊರ ಎಂದಿತು, ಮೀಟರು ಪಾಯಿಂಟ್ ಎಪ್ಪತ್ತಕ್ಕೆ ನಿಂತಿತು. ಕೋಲಿನ ಅಳತೆ ಸ್ವಲ್ಪ ಹುಸಿ ಹೋಗಿತ್ತು.

"ಮುಕ್ಕಾಲೂ ಆಗ್ನಿಲ್ಲ ಕಣವ್ವ."

"ಸಾಕು ಬುಡಿ ಅಮ್ಮ, ತಾಂಡ್ಯಕ್ಕೋಗಿ ವಾಪಸ್ ಬರ್ಬೋದು," ಎಂದು ಹುಡುಗಿ ಗಾಡಿ ಚಾಲೂ ಮಾಡಿದಳು. ಡಬ್ಬಿಯ ತಳ ಕೆರೆದು ಅವಳಿಗೂ ಒಂದು ಬೊಟ್ಟು ಇಟ್ಟದ್ದಾಯಿತು. ಇನ್ನು ಸಾಲಿನಲ್ಲಿ ಉಳಿದದ್ದು ಚಾಮುಂಡಮ್ಮನ ಮೊಪೆಡ್ಡು ಒಂದೇ. ಅದಕ್ಕೆ ಎಣ್ಣೆಯೂ ಇಲ್ಲ, ಸುಣ್ಣವೂ ಇಲ್ಲ. ಪ್ರಸಾದ್ ಸ್ವಿಚ್ ಆರಿಸಿ ಬಂದು, "ಕೈ ಮುಗೀಬೇಕು ಅಮ್ಮ ನಿಮಗೆ" ಎಂದ. ಅವಳು ಮೊದಲು ನೀರು ಕೇಳಿದಳು.

ಊರಿಗೆ ನಾಲ್ಕು ಕಿಲೋಮೀಟರ್. ಅವಳು ಮೊಪೆಡ್ಡು ತಳ್ಳಿಕೊಂಡು ಹೊರಟಳು. ಅಣ್ಣನ ಮನೆಯ ಅಂಗಳ ಹಾದೇ ತನ್ನ ಮನೆಗೆ ಹೋಗಬೇಕು. ಏನನ್ನುತ್ತಾನೋ ಎಂಬ ಚಿಂತೆ ಗಾಡಿಗಿಂತ ಭಾರವಾಗಿತ್ತು. ಆದರೂ ಮಾಡಿದ್ದು ತಪ್ಪು ಎಂದು ಅವಳಿಗೆ ಒಂದು ಹೆಜ್ಜೆಯಲ್ಲೂ ಅನ್ನಿಸಲಿಲ್ಲ.

ಊರಿನ ತಿರುವಿನಲ್ಲಿ ಚಿಕ್ಕಸ್ವಾಮಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವಳು ಹತ್ತಿರ ಬಂದು ನಿಂತಳು. ಅವನ ಹೆಡ್‌ಲೈಟಿನ ಮೇಲೆ, ಅದೇ ಜಾಗದಲ್ಲಿ, ಹೆಬ್ಬೆರಳಗಲದ ಒಂದು ಸುಣ್ಣದ ಬೊಟ್ಟು ಇತ್ತು. ಅವಳಿಟ್ಟದ್ದಕ್ಕಿಂತ ದೊಡ್ಡದು, ಇನ್ನೂ ಹಸಿಯಾಗಿತ್ತು.

"ನಿಮ್ಮತ್ಗೆ ಡಬ್ಬೀದು," ಎಂದ ಅವನು, ಅವಳ ಮುಖ ನೋಡದೆ. "ಒರುಸ್ದೋನೂ ನಾನೇಯ, ಇಟ್ಟೋನೂ ನಾನೇಯ. ನಿನ್ ಗಾಡಿ ಅತ್ತು."

ಅವಳು ಹತ್ತಿ ಕುಳಿತಳು. ಅವನು ಹಿಂದಿನಿಂದ ಬಂದು, ಒಂದು ಕಾಲನ್ನು ಅವಳ ಮೊಪೆಡ್ಡಿಗೆ ಕೊಟ್ಟು, ತನ್ನ ಒಂದು ಲೀಟರಿನಲ್ಲಿ ಎರಡೂ ಗಾಡಿಯನ್ನು ಮನೆತನಕ ನೂಕಿಕೊಂಡು ಹೋದ.