ನಾನು ಬದಲಿಸಿದ ಚೀಟಿ

ಮೊನ್ನೆ ನನ್ನ ಲ್ಯಾಬಿನ ಮೇಜಿನ ಮೇಲೆ ಒಬ್ಬ ಹೆಣ್ಣುಮಗಳು ಕೋಕಂ ಶರಬತ್ತಿನ ಬಾಟಲಿ ಇಟ್ಟರು. ಯಾರೆಂದು ಆಮೇಲೆ ಹೇಳುತ್ತೇನೆ. ಕಿಟಕಿಯ ಬಿಸಿಲಿಗೆ ಅದು ಗಾಢ ಗುಲಾಬಿಯಾಗಿ ಹೊಳೆಯಿತು, ನನ್ನ ಎದೆ ಧಸಕ್ಕೆಂದಿತು. ಶರಬತ್ತು ಕಂಡು ಬೆಚ್ಚುವವನು ಎಂಥ ಗಂಡಸು ಎಂದು ನೀವು ನಗಬಹುದು. ನಗಿ.

ಮುಂಡಗೋಡದಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕಸುಬು. ಕೊಲೆಸ್ಟ್ರಾಲ್ ನೋಡುವುದೇನೂ ದೊಡ್ಡ ವಿದ್ಯೆಯಲ್ಲ. ರಕ್ತದ ಮೇಲೆ ನಿಲ್ಲುವ ತಿಳಿಯ ಒಂದು ತೊಟ್ಟನ್ನು ಔಷಧದ ನೀರಿಗೆ ಹಾಕಿ ಹತ್ತು ನಿಮಿಷ ಕಾಯಬೇಕು. ನೀರು ಗುಲಾಬಿಯಾಗುತ್ತದೆ, ಬಣ್ಣ ಗಾಢವಾದಷ್ಟೂ ಕೊಬ್ಬು ಹೆಚ್ಚು. ಎಷ್ಟೆಂದು ಯಂತ್ರ ಹೇಳುತ್ತದೆ. ನಾನೋ, ಯಂತ್ರಕ್ಕಿಂತ ಮೊದಲೇ ಕಣ್ಣಂದಾಜಿನಲ್ಲಿ ಹೇಳುತ್ತೇನೆಂದು ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. "ಸಾರಿನ್ಯಾಗ ಉಪ್ಪು ಐತೋ ಇಲ್ಲೋ ತಿಳಿಯಂಗಿಲ್ಲ ನಿಮಗ, ರಕ್ತದಾಗಿನ ಕೊಬ್ಬು ತಿಳೀತೈತಿ?" ಎನ್ನುತ್ತಿದ್ದಳು ಹೆಂಡತಿ.

ಆರು ವರ್ಷದ ಹಿಂದೆ, ಒಂದು ಸಂತೆಯ ದಿನ. ಲ್ಯಾಬಿನ ತುಂಬ ಜನ. ಅಕ್ಕಪಕ್ಕದ ಎರಡು ನಳಿಗೆಗಳಲ್ಲಿ ಒಂದು ಮಿಠಾಯಿ ಅಂಗಡಿ ಶಂಕ್ರಪ್ಪನವರದು. ಅವರು ಕೂತರೆ ನಮ್ಮ ಬೆಂಚು ನರಳುತ್ತಿತ್ತು. ಇನ್ನೊಂದು ಮಳಗಿ ರಸ್ತೆಯ ಮೆಕ್ಯಾನಿಕ್ ಇಮಾಮ್ ಭಾಯಿಯದು. ಒಣ ಕಟ್ಟಿಗೆಯಂಥ ಆಳು, ಎದೆಯುರಿ ಎಂದು ಬಂದಿದ್ದ. ಹತ್ತು ನಿಮಿಷ ಬಿಟ್ಟು ನೋಡುತ್ತೇನೆ, ಇಮಾಮ್ ಭಾಯಿಯ ಚೀಟಿ ಇದ್ದ ನಳಿಗೆ ಕೋಕಂ ಬಣ್ಣ! ಶಂಕ್ರಪ್ಪನವರದು ತೀರ ತೆಳು.

ಛೇ, ಗದ್ದಲದಲ್ಲಿ ಚೀಟಿ ಅದಲುಬದಲಾಗಿದೆ ಎಂದುಕೊಂಡೆ. ಇಬ್ಬರೂ ಹೊರಗೆ ಬೆಂಚಿನ ಮೇಲೇ ಇದ್ದರು, ಇನ್ನೊಮ್ಮೆ ರಕ್ತ ತೆಗೆಯಬಹುದಿತ್ತು. ತೆಗೆಯಲಿಲ್ಲ. ಚೀಟಿಗಳನ್ನು ಕಿತ್ತು ಬದಲಿಸಿ ಅಂಟಿಸಿದೆ.

"ಏನೂ ಇಲ್ಲಲ್ರೀ ಸರ?" ಎಂದ ಇಮಾಮ್ ಭಾಯಿ. ಪಕ್ಕದಲ್ಲಿ ಅವನ ಹೆಂಡತಿ ಜುಬೇದಾ.

"ನಿಮಗೇನ್ರೀ ಆಗೈತಿ? ಕುದರಿ ಇದ್ದಂಗ ಅದೀರಿ!" ಎಂದು ಕಳಿಸಿದೆ.

ನಾಲ್ಕನೇ ದಿನ ಶಂಕ್ರಪ್ಪ ಕಾಗದ ಬೀಸುತ್ತ ಬಂದರು. "ಸುಮ್ಮಸುಮ್ಮನ ಹೆದರಿಸಿದ್ರಲ್ರೀ! ಮರುದಿನಾನ ಹುಬ್ಬಳ್ಳ್ಯಾಗ ತೋರಿಸೇನಿ. ನನಗ ಏನೂ ಇಲ್ಲಂತ!"

ಅಯ್ಯೋ ದೇವರೇ! ಚಪ್ಪಲಿ ಮೆಟ್ಟುವುದನ್ನೂ ಮರೆತು ಗ್ಯಾರೇಜಿಗೆ ಓಡಿದೆ. ಬಾಗಿಲು ಹಾಕಿತ್ತು.

"ನಿನ್ನೆ ಹ್ವಾದ್ರೀ," ಎಂದ ಪಕ್ಕದ ಅಂಗಡಿಯವ. "ಜೀಪಿನ ಬುಡಕ ಮಲಗಿದಾಂವ ಎದಿ ಹಿಡಕೊಂಡ, ಮತ್ತ ಏಳಲಿಲ್ಲ."

ನಾನು ಯಾರಿಗೂ ಹೇಳಲಿಲ್ಲ. ಹೇಡಿ ಎನ್ನಿ, ಒಪ್ಪುತ್ತೇನೆ.

ಮೊನ್ನೆ ಶರಬತ್ತು ತಂದವರು ಈ ಜುಬೇದಾ. ಜೊತೆಗೆ ಮಗಳು ರೇಷ್ಮಾ, ಅಪ್ಪನ ಹಾಗೇ ಕಡ್ಡಿ. "ಮನ್ಯಾಗ ಮಾಡೀದು, ಕುಡೀರಿ ಅಣ್ಣಾ. ಇಕಿ ಎದ್ಯಾಗ ಹಿಡಕೊಂಡಂಗ ಆಗ್ತೈತಿ ಅಂತಾಳ. ಇವರಪ್ಪನ ರಕ್ತ ನೀವ ನೋಡಿ ಛಲೋ ಐತಿ ಅಂದಿದ್ರಿ, ಆಯುಷ್ಯನ ಇರಲಿಲ್ಲ. ಇಕಿ ರಕ್ತಾನೂ ಛಲೋ ಇರ್ಲಿ ಅಂತ ನಿಮ್ಮ ಕಡೇನ ಬಂದೇನಿ."

"ಭಾಬಿ, ಅದು ಛಲೋ ಇರಲಿಲ್ಲ. ಚೀಟಿ ನಾ ಬದಲಿ ಮಾಡಿದ್ದೆ," ಎಂದೆ. ಎಲ್ಲವನ್ನೂ ಹೇಳಿದೆ.

ಬಯ್ಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ಮಗಳ ತೋಳು ಮುಂದೆ ಚಾಚಿಸಿ, "ಎರಡ ಸಲ ನೋಡ್ರಿ," ಎಂದರು.

ಎರಡು ಸಲ ರಕ್ತ ತೆಗೆದೆ. ಎರಡೂ ನಳಿಗೆ ಶರಬತ್ತಿನ ಬಣ್ಣಕ್ಕೇ ತಿರುಗಿದವು. ಕಂಡಷ್ಟನ್ನೂ ಬರೆದು ಕೊಟ್ಟೆ.

ಜುಬೇದಾ ಹುಬ್ಬಳ್ಳಿ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಕಾಗದ ಮಡಚಿ ಚೀಲಕ್ಕೆ ಹಾಕಿದರು, ಮೇಜಿನ ಮೇಲಿನ ಬಾಟಲಿಯನ್ನೂ ಹಾಕಿಕೊಂಡು ಹೋದರು.