ಜವರಯ್ಯ ಕಲಿತ ನೀಲಿ ಪಾಕ

ಬನ್ನೂರಿನ ಆಲೆಮನೆಗಳಲ್ಲಿ ಜವರಯ್ಯ ಹೇಳಿದ್ದೇ ಪಾಕ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಕೆಂಪೇರುವುದನ್ನು ಕಣ್ಣಳತೆಯಲ್ಲೇ ಹಿಡಿದು “ಇಳಿಸ್ರುಲಾ” ಎಂದನೆಂದರೆ ಬೆಲ್ಲ ಕೆಟ್ಟದ್ದೇ ಇಲ್ಲ. ಅಂಥವನ ಮಗಳು ಮುತ್ತಮ್ಮನಿಗೆ, ಮದುವೆಯ ವಯಸ್ಸಿನಲ್ಲಿ, ಸಿಹಿಮೂತ್ರದ ಕಾಯಿಲೆ ಬಂದದ್ದು ದೇವರ ಕುಚೋದ್ಯವಲ್ಲದೆ ಮತ್ತೇನು! ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ಹುಡುಗಿ ಕಡ್ಡಿಯಾದಳು.

ಇನ್ಸುಲಿನ್ ಎಂಬ ಔಷಧಿ ಮೈಸೂರು ಸೀಮೆಗೆ ಹೊಸದಾಗಿ ಬಂದಿದ್ದ ಕಾಲವದು. ನರಸೀಪುರದ ಆಸ್ಪತ್ರೆಯಲ್ಲಿ ಅದರಿಂದಲೇ ಅವಳ ಜೀವ ಉಳಿಯಿತು. ಆದರೆ ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟರು: “ಸೂಜಿ ಚುಚ್ಚಿಕೊಳ್ಳೋದು, ಮೂತ್ರ ಪರೀಕ್ಷೆ, ಊಟದ ಅಳತೆ, ಎಲ್ಲವನ್ನೂ ನೀವಿಬ್ಬರೂ ಕಲಿತು ಒಪ್ಪಿಸಿದ ಮೇಲೇ ಮನೆ.”

ದಿನಕ್ಕೊಂದು ಪಾಠ. ಮುತ್ತಮ್ಮ ಬೇಗ ಕಲಿತಳು. ಎಡವಿದ್ದು ಜವರಯ್ಯ. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಮೂತ್ರದ ಹನಿ ಬಿಟ್ಟು ಕಾಯಿಸಬೇಕು. ಅದು ಇಟ್ಟಿಗೆಯಂತೆ ಕೆಂಪಾದದ್ದೇ ತಡ, ಜವರಯ್ಯ ಹಿಗ್ಗಿ ಹೀರೇಕಾಯಾದ.

“ಪಾಕ ಬಂತು ಕಣವ್ವಾ! ಇನ್ನ ಊರ್ಗೋಗದೇಯ!”

“ಅಯ್ಯೋ ಅಪ್ಪಾ, ಇದು ಆಲೆಮನೆ ಅಲ್ಲ ಕಣಪ್ಪಾ. ಕೆಂಪಾದ್ರೆ ಸಕ್ರೆ ಎಚ್ಚಾಗ್ಯದೆ ಅಂತ. ನೀಲಿನೇ ನಮ್ಗೆ ಪಾಕ.”

ಬಾಳೆಲ್ಲ ಕೆಂಪನ್ನೇ ನಂಬಿದ ಕಣ್ಣು ಒಂದು ದಿನಕ್ಕೆ ತಿದ್ದಿಕೊಂಡೀತೇ? ಡಾಕ್ಟರು ನಕ್ಕರು, ಮನೆಗೆ ಮಾತ್ರ ಕಳಿಸಲಿಲ್ಲ.

ಅಂತೂ ನೀಲಿಯೇ ಪಾಕವೆಂದು ಅವನೂ ಕಲಿತು ಒಪ್ಪಿಸಿದ ಮೇಲೆ ಊರಿಗೆ ಬಂದರು. ಈಗ ಜವರಯ್ಯನದು ಅತಿಯಾಯಿತು. ಮಗಳ ಕಣ್ಣಿಗೆ ಬೆಲ್ಲವೇ ಬೀಳದಂತೆ ಕಾದ. ಒಂದು ದಿನ ಸೂಜಿ ಹಾಕಿಕೊಂಡ ಮುತ್ತಮ್ಮ, ಉಣ್ಣುವ ಮೊದಲೇ ಅಪ್ಪನಿಗೆ ಬುತ್ತಿ ಹೊತ್ತು ಬಂದವಳು ಆಲೆಮನೆಯ ಬಾಗಿಲಲ್ಲೇ ಬೆವೆತು, ನಡುಗಿ ಕುಸಿದಳು.

“ಅಪ್ಪಾ, ಬೆಲ್ಲ ಕೊಡು.”

“ಬೆಲ್ಲವಾ? ನಿಂಗಾ?” ಜವರಯ್ಯ ಬೆಲ್ಲಕ್ಕೆ ಅಡ್ಡವಾಗಿ ನಿಂತ. ತನ್ನ ಕೈಯಾರೆ ಮಗಳಿಗೆ ವಿಷ ಉಣಿಸುವುದೇ?

“ಸಕ್ರೆ ಇಳ್ದೋಗ್ಯದೆ. ಇಂಗಾದ್ರೆ ಬೆಲ್ಲವೇ ಮದ್ದು ಅಂತ ಡಾಕ್ಟ್ರು ಏಳ್ಕೊಟ್ರಲ್ಲಾ. ನಂಬಪ್ಪಾ.”

ಅವನು ಅಚ್ಚುಬೆಲ್ಲ ಒಡೆದು, ಮನಸ್ಸಿನಲ್ಲೇ ನಂಜುಂಡನನ್ನು ನೆನೆದು, ಚೂರನ್ನು ಅವಳ ಬಾಯಿಗಿಟ್ಟ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮುತ್ತಮ್ಮ ತುಟಿ ಸವರಿಕೊಂಡು, “ಪಾಕ ಚೂರು ಸೀದದೆ ಕಣಪ್ಪಾ” ಎಂದಳು.

ಅವನಿಗೆ ಹಾಗೆಂದವರು ಆವರೆಗೆ ಯಾರೂ ಇರಲಿಲ್ಲ. ಜವರಯ್ಯ ಅತ್ತುಕೊಂಡೇ ನಕ್ಕ. ಮುಂದೆ ಅದೇ ಕಾಯಿಲೆಯ ಎಳೆಯರಿಗೆ ಪಾಠ ಹೇಳಲು ಮುತ್ತಮ್ಮ ನರಸೀಪುರಕ್ಕೆ ಹೊರಟಾಗಲೆಲ್ಲ, ಅವಳ ಸೆರಗಿನ ತುದಿಗೆ ಬೆಲ್ಲದ ಚೂರು ಕಟ್ಟಿ ಕಳಿಸುತ್ತಿದ್ದವನು ಅವನೇ.