ವೈರಸ್ ಮಾಡುವವಳ ತಂಗಿಗೆ ಬಂದ ಸಂಬಂಧ

ನಾನು ವೈರಸ್ ಮಾಡುತ್ತೇನೆ. ಇದನ್ನು ಹೀಗೆ ನೇರವಾಗಿ ಹೇಳಬೇಡ ಎಂದು ಬುದ್ಧಿ ಹೇಳಿದವರು ಬಹಳ ಜನ. ಸದಲಗಾದಿಂದ ನಮ್ಮೂರಿಗೆ ಬರುವ ಟಂಟಂ ಆಟೋದಲ್ಲಿ ಒಮ್ಮೆ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ‘ಏನ್ ಕೆಲಸಾ ಮಾಡ್ತಿಯವ್ವಾ?’ ಎಂದು ಅಕ್ಕರೆಯಿಂದ ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುದುಕಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಡ್ರೈವರನ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಹೋಗಿ ಕೂತಳು. ಕರೋನಾ ಹೋಗಿ ಬಹಳ ದಿನ ಆಗಿರಲಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಆದರೂ ಮುಂದಿನ ಸಲ ಕೇಳಿದವರಿಗೂ ಅದನ್ನೇ ಹೇಳಿದೆ.

ನಾನು ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ಚಿಕ್ಕೋಡಿ, ಅಥಣಿ, ಕಾಗವಾಡ ಈ ಕಡೆಯಲ್ಲೆಲ್ಲ ಅದನ್ನು ಓದುವುದೆಂದರೆ ಸಕ್ಕರೆ ಕಾರ್ಖಾನೆಯ ನೌಕರಿ ಎಂದೇ ಲೆಕ್ಕ. ಹಂಗಾಮು ಶುರುವಾದರೆ ಕಬ್ಬು ತುಂಬಿದ ಟ್ರಾಕ್ಟರುಗಳು ರಸ್ತೆಯನ್ನೇ ನುಂಗಿಬಿಡುವ ಸೀಮೆ ಇದು. ಅಪ್ಪನ ಆಸೆಯೂ ಅಷ್ಟೇ ಇತ್ತು: ಮಗಳು ಬಿಳಿ ಕೋಟು ಹಾಕಿಕೊಂಡು ಕಾರ್ಖಾನೆಯ ಲ್ಯಾಬಿನಲ್ಲಿ ಕೂತು ರಸದ ಸಿಹಿ ನೋಡಬೇಕು, ಸಂಜೆ ಮನೆಗೆ ಬರಬೇಕು. ನಾನು ಒಂದು ಹಂಗಾಮು ತರಬೇತಿಗೆ ಹೋದದ್ದೂ ಹೌದು. ಗಿರಗಿರ ತಿರುಗುವ ದೊಡ್ಡ ಬುಟ್ಟಿಯಂಥ ಯಂತ್ರದಲ್ಲಿ ಕಾಕಂಬಿ ಹೊರಗೆ ಸಿಡಿದು ಸಕ್ಕರೆ ಒಳಗೆ ಉಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ್ದೆ. ಬೇಡದ್ದರಿಂದ ಬೇಕಾದ್ದನ್ನು ಬೇರ್ಪಡಿಸುವುದು ನನ್ನ ವಿದ್ಯೆ ಎಂಬುದು ತಲೆಯಲ್ಲಿ ಕೂತದ್ದು ಅಲ್ಲಿಯೇ.

ಈಗ ಪುಣೆಯ ಪ್ರಯೋಗಾಲಯದಲ್ಲಿ ಮಾಡುವುದೂ ಅದೇ. ವೈರಸ್ಸಿಗೆ ಬರುವ ವಿದ್ಯೆ ಒಂದೇ, ಜೀವಕೋಶದೊಳಗೆ ನುಗ್ಗಿ ತನ್ನ ಜೀನನ್ನು ಅಲ್ಲಿ ಬಿಡುವುದು. ನಾವು ರೋಗ ಮಾಡದ ಒಂದು ವೈರಸ್ಸನ್ನು ಹಿಡಿದು, ಅದರ ಹೊಟ್ಟೆಯಲ್ಲಿ ಇರುವುದನ್ನೆಲ್ಲ ತೆಗೆದು, ರೋಗಿಗೆ ಬೇಕಾದ ಒಳ್ಳೆಯ ಜೀನನ್ನು ತುಂಬುತ್ತೇವೆ. ಅದು ನುಗ್ಗುತ್ತದೆ, ಒಳ್ಳೆಯದನ್ನು ಬಿಟ್ಟು ಸುಮ್ಮನಾಗುತ್ತದೆ. ಆದರೆ ಮಾಡಿದ್ದರಲ್ಲಿ ಎಷ್ಟೋ ವೈರಸ್ ಚಿಪ್ಪುಗಳು ಜೀನಿಲ್ಲದೆ ಖಾಲಿಯೇ ಉಳಿಯುತ್ತವೆ. ತುಂಬಿದ್ದನ್ನು ಖಾಲಿಯಿಂದ ಬೇರೆ ಮಾಡುವುದು ನನ್ನ ಸಂಶೋಧನೆ. ಸಂದರ್ಶನದಲ್ಲಿ ದೊಡ್ಡ ಪ್ರೊಫೆಸರರೊಬ್ಬರು, ಕಾರ್ಖಾನೆಗೆ ಹೋಗಬೇಕಾದವರಿಗೆ ಇಲ್ಲೇನು ಕೆಲಸ ಎಂದು ಮೂಗು ಮುರಿದಿದ್ದರು. ‘ಒಂದು ಹನಿ ಮಾಡುವುದು ನಿಮಗೆ ಬರುತ್ತದೆ ಸರ್, ಡ್ರಮ್ಮುಗಟ್ಟಲೆ ಮಾಡುವುದು ನನಗೆ ಬರುತ್ತದೆ’ ಎಂದೆ. ಸೀಟು ಸಿಕ್ಕಿತು.

ಇಷ್ಟು ಹಟ ಹಿಡಿದು ಈ ದಾರಿಗೆ ಬಂದದ್ದಕ್ಕೆ ಕಾರಣ ಪುಸ್ತಕವಲ್ಲ, ದೊಡ್ಡವ್ವನ ಮಗ. ಅವ್ವನ ಅಕ್ಕನಾದ ದೊಡ್ಡವ್ವನನ್ನು ಅಥಣಿ ಕಡೆ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಅವರ ಮಗ ನನಗಿಂತ ಸ್ವಲ್ಪ ದೊಡ್ಡವನು. ಶಾಲೆಯ ಸೂಟಿಯಲ್ಲಿ ನನ್ನ ಜೊತೆ ಓಡುತ್ತಿದ್ದವನು ಮೊದಲು ಮೆಟ್ಟಿಲು ಹತ್ತಲಾರದೆ ಹೋದ, ಆಮೇಲೆ ನೆಲದಿಂದ ಏಳಲಾರದೆ ಹೋದ. ಸ್ನಾಯುಗಳೇ ಸೊರಗುವ ರೋಗ. ಮಿರಜದ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಯಾವ ಜೀನು ಕೆಟ್ಟಿದೆ ಎಂಬುದನ್ನೂ ಹೇಳಿದರು, ಔಷಧ ಇಲ್ಲ ಎಂಬುದನ್ನೂ ಹೇಳಿದರು. ದೊಡ್ಡವ್ವ ಬೆಳೆದ ಮಗನನ್ನು ಕಂಕುಳಲ್ಲಿ ಎತ್ತಿ ಅಂಗಳದ ಬಿಸಿಲಿಗೆ ಕೂರಿಸುತ್ತಿದ್ದಳು. ಮೀಸೆ ಮೂಡುವ ವಯಸ್ಸಿನಲ್ಲಿ ಉಸಿರು ಕಟ್ಟಿ ತೀರಿಕೊಂಡ.

ನಾನು ಅದೇ ಜಾತಿಯ ರೋಗಗಳ ಮೇಲೆ ಕೆಲಸ ಮಾಡುತ್ತೇನೆ ಎಂದು ತಿಳಿದ ದಿನದಿಂದ ದೊಡ್ಡವ್ವನಿಗೆ ಅದೊಂದು ಆಸರೆ ಆಯಿತು. ‘ನನ್ನ ಮಗನ ಔಷಧಾ ನನ್ನ ತಂಗಿ ಮಗಳು ತಯಾರ ಮಾಡಾಕತ್ತಾಳ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಇಲಿಗಳ ಮೇಲಿನ ಪ್ರಯೋಗವೇ ಇನ್ನೂ ಮುಗಿದಿಲ್ಲ ಎಂದು ಎಷ್ಟು ಹೇಳಿದರೂ ಆ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಹೀಗಿರುವಾಗ ಅವ್ವ ಫೋನಿನಲ್ಲಿ ಸಡಗರದಿಂದ ಸುದ್ದಿ ಹೇಳಿದಳು. ನನ್ನ ತಂಗಿಯನ್ನು ಮಾವನಿಗೆ ಕೊಡುವುದೆಂದು ಆಗಿದೆ, ಸಾಖರಪುಡಾ ಇಟ್ಟುಕೊಂಡಿದ್ದಾರೆ. ಸಾಖರಪುಡಾ ಎಂದರೆ ನಮ್ಮ ಗಡಿ ಸೀಮೆಯ ನಿಶ್ಚಿತಾರ್ಥ. ಮಾವ ಅಂದರೆ ಅವ್ವನ ಕೊನೆಯ ತಮ್ಮ, ರಾಯಬಾಗ ಕಡೆ ಹಾಲಿನ ಡೇರಿ ನಡೆಸುವವನು. ಸಂಭಾವಿತ, ನಮ್ಮನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ತವರಿನ ಬಳಕೆ ಕಡಿಯಬಾರದು ಎಂಬುದು ಅವ್ವನ ಬಹುದಿನದ ಕನಸು. ತಂಗಿ ಏನಂದಳು ಎಂದು ಕೇಳಿದೆ. ‘ಆಕಿ ಏನಂತಾಳ? ಸುಮ್ಮ ಅದಾಳ’ ಎಂದಳು ಅವ್ವ. ನಮ್ಮಲ್ಲಿ ಹುಡುಗಿ ಸುಮ್ಮನಿದ್ದರೆ ಒಪ್ಪಿದಳೆಂದೇ ತಿಳಿಯುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. ದೊಡ್ಡವ್ವನ ರಕ್ತದಲ್ಲಿ ಆ ಕೆಟ್ಟ ಜೀನು ಇದೆ ಎಂದ ಮೇಲೆ ಅವಳ ತಂಗಿಯಾದ ಅವ್ವನಲ್ಲೂ ಇರಬಹುದು, ತಮ್ಮನಾದ ಮಾವನಲ್ಲೂ ಇರಬಹುದು, ಅವ್ವನಿಂದ ನನ್ನ ತಂಗಿಗೂ ಬಂದಿರಬಹುದು. ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ, ಎರಡೂ ಕಡೆಯಿಂದ ಬಂದ ಮಗುವಿಗೆ ಮಾತ್ರ ರೋಗ. ಇದನ್ನು ಬಿಡಿಸಿ ಹೇಳಿದೆ. ಅವ್ವ ತಾಳ್ಮೆಯಿಂದ ಪೂರ್ತಿ ಕೇಳಿದಳು.

‘ಅದಕ್ಕ ಯಾಕ ಅಷ್ಟ ಅಂಜತಿ? ಹಂಗೇನರ ಆದ್ರ ನಿನ್ನ ವೈರಸ್ ಐತಲ್ಲ. ಮನ್ಯಾಗ ಔಷಧಾ ಮಾಡಾಕಿ ಇದ್ದ ಮ್ಯಾಲ ಏನ್ ಚಿಂತಿ?’

ನನ್ನ ಕೆಲಸ ನನ್ನ ಮೇಲೇ ತಿರುಗಿ ಬಿದ್ದಿತ್ತು. ಮನೆಯವರಿಗೆ ಧೈರ್ಯ ಕೊಟ್ಟದ್ದೇ ನನ್ನ ಸಂಶೋಧನೆ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಕೂತಿದ್ದರೆ ಪ್ರಾಯಶಃ ಅವರೇ ಹೆದರಿ ಈ ಸಂಬಂಧ ಕೈಬಿಡುತ್ತಿದ್ದರು. ರಜೆ ಹಾಕಿ ಸಿಕ್ಕ ಬಸ್ಸು ಹತ್ತಿದೆ. ಗಡಿಯ ಕೊಗನೊಳ್ಳಿ ದಾಟುವವರೆಗೂ ಜಗಳದ ಮಾತುಗಳನ್ನೇ ಜೋಡಿಸಿಕೊಳ್ಳುತ್ತಿದ್ದೆ. ನಿಪ್ಪಾಣಿಯಲ್ಲಿ ಇಳಿದಾಗ ಅವೆಲ್ಲ ಮರೆತುಹೋಗಿ ಸಿಟ್ಟೊಂದೇ ಉಳಿದಿತ್ತು.

ಮನೆಯಲ್ಲಿ ಸಾಖರಪುಡಾದ ಮಾತುಕತೆಗೆಂದು ದೊಡ್ಡವ್ವನೂ ಮಾವನೂ ಬಂದಿದ್ದರು. ಕೈಕಾಲು ತೊಳೆಯುವ ಮೊದಲೇ ಹೇಳಿದೆ: ‘ಇಬ್ಬರದೂ ರಕ್ತಾ ಪರೀಕ್ಷೆ ಆಗೂತನಾ ಈ ಕಾರ್ಯ ಆಗಾಕ ಬಿಡೂದಿಲ್ಲ. ನನ್ನ ವೈರಸ್ ನಂಬಿ ಯಾರೂ ಮದುವಿ ಮಾಡಬ್ಯಾಡ್ರಿ.’

‘ರಕ್ತಾ ನೋಡಿ ಸಂಬಂಧ ಮಾಡಾಕ ನಾವೇನ್ ದನಾ ಏನಬೇ?’ ಎಂದಳು ಅವ್ವ.

‘ದನಕ್ಕಿಂತ ಕಡಿ ಆಗೇವಿ. ಎಮ್ಮಿಗೆ ಗಬ್ಬಾಗೂ ಇಂಜೆಕ್ಷನ್ ಮಾಡಿಸೂ ಮುಂದ ಅಪ್ಪಾ ಡಾಕ್ಟರಗ ಏನ್ ಕೇಳ್ತಾನ? ಹ್ವಾದ ಸಲಾ ಯಾವ ಕ್ವಾಣದ್ದು ಕೊಟ್ಟಿದ್ರಿ, ಅದರ ಮಗಳಿಗೆ ಮತ್ತ ಅದನ್ನ ಕೊಡಬ್ಯಾಡ್ರಿ ಅಂತ ಕೇಳ್ತಾನೋ ಇಲ್ಲೋ? ಎಮ್ಮಿಗೆ ಕೇಳಿದ್ದನ್ನ ಮಗಳಿಗೆ ಕೇಳಾಕ ಏನ್ ನಾಚಿಕಿ?’

ಅಪ್ಪ ಕೆಮ್ಮಿದ. ಮಾವ ನೆಲ ನೋಡಿದ. ಈ ಜಗಳದಲ್ಲಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ದೊಡ್ಡವ್ವ ಬಾಯಿ ತೆರೆದಳು.

‘ಅಂದ್ರ ನನ್ನ ಮಗಾ ನನ್ನಿಂದ ಸತ್ತ ಅಂತಿಯೇನು?’

ಕೂಗಲಿಲ್ಲ, ಅಳಲಿಲ್ಲ. ಇಷ್ಟು ವರ್ಷ ನನ್ನ ಬಗ್ಗೆ ಹೆಮ್ಮೆಪಟ್ಟ ಬಾಯಿಯಿಂದಲೇ ಈ ಪ್ರಶ್ನೆ ಬಂದಿತ್ತು. ಇಲ್ಲ ಎಂದುಬಿಡುವುದು ಸುಲಭವಿತ್ತು. ಹಾಗೆಂದರೆ ತಂಗಿಯ ಮದುವೆ ಅಲ್ಲಿಗೇ ಗಟ್ಟಿಯಾಗಿಬಿಡುತ್ತಿತ್ತು. ಅವಳ ಪಕ್ಕ ಹೋಗಿ ಕೂತೆ.

‘ನಿನ್ನಿಂದ ಅಲ್ಲ ದೊಡ್ಡವ್ವಾ. ನಿನಗ ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಈಗ ಗೊತ್ತೈತಿ. ಗೊತ್ತಿದ್ದೂ ಮಾಡಿದ್ರ ಅದು ನಮ್ಮಿಂದ. ನನ್ನ ಔಷಧಾ ಇನ್ನ ಇಲಿಗೆ ಕೊಡಾಕತ್ತೇವಿ. ಮನಷಾರಿಗೆ ಯಾವಾಗ ಕೊಡ್ತೇವಿ, ಕೊಡ್ತೇವೋ ಇಲ್ಲೋ, ನನಗ ಗೊತ್ತಿಲ್ಲ. ನಿನ್ನ ಮಗನಂಗ ಇನ್ನೊಂದ ಕೂಸಿನ್ನ ಬಿಸಲಾಗ ಕುಂದ್ರಿಸಾಕ ನಾ ಒಪ್ಪೂದಿಲ್ಲ.’

ದೊಡ್ಡವ್ವನಿಂದ ಏನನ್ನೋ ಕಸಿದುಕೊಂಡೆ ಎಂಬುದು ನನಗೆ ಗೊತ್ತಿತ್ತು. ಆ ದಿನದಿಂದ ಅವಳು ನನ್ನ ಔಷಧದ ಮಾತನ್ನು ಯಾರ ಮುಂದೆಯೂ ಎತ್ತಿಲ್ಲ. ಆದರೆ ಅವತ್ತು ಎದ್ದು ನಿಂತು ಅವ್ವನಿಗೆ ಹೇಳಿದವಳು ಅವಳೇ: ‘ರಕ್ತಾ ಕೊಡಸ್ರಿ. ಅಲ್ಲೀತನಾ ಯಾರೂ ಕುಂಕುಮಾ ಮುಟ್ಟಬ್ಯಾಡ್ರಿ.’

ನಿಪ್ಪಾಣಿಯ ಲ್ಯಾಬಿನಲ್ಲಿ ಇಬ್ಬರದೂ ರಕ್ತ ಕೊಡಿಸಿದೆ. ಎಮ್ಮೆ ಕೋಣಗಳ ನಡುವೆ ಬೆಳೆದ ಮಾವ ಸೂಜಿ ಕಂಡದ್ದೇ ಬೆವೆತು ಬೆಂಚು ಹಿಡಿದುಕೊಂಡ. ತಂಗಿ ತೋಳು ಚಾಚಿ, ಸೂಜಿ ಒಳಗೆ ಹೋಗುವುದನ್ನು ನೋಡುತ್ತಾ ಕೂತಳು. ಬರುವಾಗ ದಾರಿಯುದ್ದಕ್ಕೂ ಮಾವನೇ ಮಾತಾಡಿದ, ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಪರೀಕ್ಷೆಯ ಫಲ ಬಂದಾಗ ಹೇಳಲೆಂದೇ ಮತ್ತೆ ಊರಿಗೆ ಬಂದೆ. ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಕೆಟ್ಟ ಜೀನು ತಂಗಿಯಲ್ಲಿದೆ. ಮಾವನಲ್ಲಿ ಇಲ್ಲ. ಅಂದರೆ ಆ ರೋಗ ಇವರ ಮಕ್ಕಳಿಗೆ ಬರುವುದಿಲ್ಲ. ಹತ್ತಿರದ ರಕ್ತದಲ್ಲಿ ಬೇರೆ ಅಪಾಯಗಳೂ ಇರಬಹುದು ಎಂದು ಶುರು ಮಾಡಿದೆ, ಆದರೆ ಅಷ್ಟರಲ್ಲಿ ಅವ್ವ ಕೈ ಜೋಡಿಸಿ ದೇವರ ಕೋಣೆಯ ಕಡೆ ತಿರುಗಿಯಾಗಿತ್ತು. ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಪಂಚಾಂಗ ಕೇಳಿದ. ರಕ್ತ ನೋಡುವುದಕ್ಕೆ ಅಷ್ಟು ರಂಪ ಮಾಡಿದವರಿಗೆ ಈಗ ಆ ರಕ್ತವೇ ಮುಹೂರ್ತ ಕೊಟ್ಟಂತಾಗಿತ್ತು. ನನ್ನ ತಕರಾರಿಗೂ ಇನ್ನು ಜಾಗವಿರಲಿಲ್ಲ.

ತಂಗಿ ಚಹಾ ತಂದವಳು ಟ್ರೇಯನ್ನು ಕೆಳಗಿಟ್ಟಳು. ಯಾರಿಗೂ ಕೊಡಲಿಲ್ಲ.

‘ನನ್ನ ರಕ್ತಾ ಕೇಳಿದ್ರಿ. ಇನ್ನ ನನ್ನ ಕೇಳ್ರಿ.’

ಅಪ್ಪನೇ ಸಾವರಿಸಿಕೊಂಡು ‘ಹೇಳವ್ವಾ’ ಎಂದ.

‘ನಾ ಒಲ್ಲೆ. ಮಾವನ ಮ್ಯಾಲ ನನಗೇನ ಸಿಟ್ಟಿಲ್ಲ. ಅಂವ ಮಾವಾ, ಮಾವಾ ಆಗೇ ಇರಲಿ. ರೋಗಾ ಇದ್ರ ಅಷ್ಟ ಬ್ಯಾಡ ಅನ್ನಬೇಕೇನು? ರೋಗಾ ಇಲ್ಲ ಅಂದ್ರ ಬ್ಯಾಡ ಅನ್ನಾಕ ನನಗ ಹಕ್ಕಿಲ್ಲೇನು?’

ಮಾವ ತಲೆ ಎತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಿತ್ತೆಂದು ನನಗೆ ಅನಿಸಿತು. ಅವ್ವ ಮಾತ್ರ ಕಿಡಿಕಿಡಿಯಾಗಿ ನನ್ನ ಕಡೆ ತಿರುಗಿದಳು. ‘ಇದೆಲ್ಲಾ ನೀನ ಕಲಿಸಿದ್ದು. ಪುಣೇಕ್ಕ ಹೋಗಿ ಬಂದು ತಂಗಿ ತಲಿ ಕೆಡಿಸಿದಿ.’

ನಾನು ಒಂದಕ್ಷರವನ್ನೂ ಕಲಿಸಿರಲಿಲ್ಲ. ಆದರೆ ಬೈಗುಳ ತಿನ್ನುವುದು ನನಗೆ ಹೊಸದಲ್ಲ, ಅದೂ ನನ್ನ ಪಾಲಿಗೇ ಇರಲಿ, ಅವಳಿಗೆ ತಟ್ಟುವುದು ಬೇಡ ಎಂದುಕೊಂಡು ಎದ್ದು ನಿಂತೆ. ‘ಹೌದು, ನಾನ ಕಲಿಸೀನಿ. ಏನೀಗ?’ ಎಂದೆ.

‘ಸುಳ್ಳ್ ಹೇಳಬ್ಯಾಡಕ್ಕಾ,’ ಎಂದಳು ತಂಗಿ, ನನ್ನನ್ನು ಪಕ್ಕಕ್ಕೆ ಸರಿಸಿ ಅವ್ವನ ಎದುರಿಗೆ ನಿಂತು. ‘ಇದು ನನ್ನ ಮಾತು.’